ಬಣ್ಣದ ಮಂಜು ಮತ್ತು ಉಸಿರಿನ ರಕ್ಷಣೆ

ಮುಳಬಾಗಿಲು ತಾಲ್ಲೂಕಿನ ದೇವರಾಯಸಮುದ್ರವು ಬೆಂಗಳೂರು–ಚೆನ್ನೈ ಹೆದ್ದಾರಿಯ ಮಗ್ಗುಲಲ್ಲಿದೆ. ಇಂತಹ ಹೆದ್ದಾರಿಗಳಲ್ಲಿ ಅಪಘಾತಕ್ಕೀಡಾಗಿ ಜಜ್ಜಿಹೋದ ವಾಹನಗಳಿಗೆ ಮರಳಿ ರೂಪ ಕೊಡುವವರು ಟಿಂಕರಿಂಗ್ ಹಾಗೂ ಪೇಂಟಿಂಗ್ ಕೆಲಸಗಾರರು. ಓದು ನಿಲ್ಲಿಸಿದ ಅನೇಕ ಯುವಕರಿಗೆ ಇದು ಮರ್ಯಾದೆಯ ಕಾಯಕ. ಆದರೆ ಇದರಲ್ಲಿ ಅಡಗಿರುವ ಅಪಾಯವನ್ನು ಅರಿತವರು ವಿರಳ.

ತಗಡನ್ನು ತಟ್ಟಿ ಸರಿಪಡಿಸುವಾಗಿನ ಸದ್ದು ಕಿವಿಯನ್ನು ಮಂದಗೊಳಿಸುತ್ತದೆ. ವೆಲ್ಡಿಂಗ್ ಹೊಗೆಯೂ ಪುಟ್ಟಿ ಉಜ್ಜಿದ ಧೂಳೂ ಎದೆಯನ್ನು ಸೇರುತ್ತವೆ. ಇವೆಲ್ಲಕ್ಕಿಂತ ಮೋಸದ್ದು ಬಣ್ಣದ ಮಂಜು. ಬಣ್ಣಕ್ಕೂ ಹೊಳಪಿನ ಕ್ಲಿಯರ್ ಕೋಟಿಗೂ ಬೆರೆಸುವ ಹಾರ್ಡನರ್‌ನಲ್ಲಿ ಐಸೊಸೈನೇಟ್ ಎಂಬ ರಾಸಾಯನಿಕವಿರುತ್ತದೆ. ಸ್ಪ್ರೇ ಗನ್ನಿನಿಂದ ಚಿಮ್ಮಿದ ಇದರ ಸೂಕ್ಷ್ಮ ಹನಿಗಳು ಕಣ್ಣಿಗೆ ಕಾಣವು. ಅಪಾಯದ ಪ್ರಮಾಣದಲ್ಲಿದ್ದಾಗಲೂ ಮೂಗಿಗೆ ತಿಳಿಯದಿರಬಹುದು. ತಿಂಗಳುಗಳೋ ವರ್ಷಗಳೋ ಕಳೆದ ಮೇಲೆ ದೇಹವು ಇದರ ವಿರುದ್ಧ ತಿರುಗಿಬಿದ್ದು ಆಸ್ತಮಾ ಉಂಟಾಗಬಹುದು. ಒಮ್ಮೆ ಹಾಗಾದರೆ ಅನಂತರ ಅತ್ಯಲ್ಪ ಪ್ರಮಾಣವೂ ಉಬ್ಬಸವನ್ನು ಕೆರಳಿಸುತ್ತದೆ. ಆಗ ಆ ಕೆಲಸವನ್ನೇ ಬಿಡಬೇಕಾಗುತ್ತದೆ.

ಗುರುತಿಸುವ ಬಗೆ ಹೇಗೆ? ಸಂಜೆ ಅಥವಾ ರಾತ್ರಿ ಕೆಮ್ಮು, ಎದೆ ಬಿಗಿತ, ಸುಯ್ಗುಟ್ಟುವ ಉಸಿರು. ರಜೆಯ ದಿನಗಳಲ್ಲಿ ಹಿತ, ಕೆಲಸಕ್ಕೆ ಮರಳಿದೊಡನೆ ಮತ್ತೆ ಅದೇ ಬಾಧೆ. ಇದನ್ನು ನೆಗಡಿಯೆಂದು ಕಡೆಗಣಿಸದೆ ವೈದ್ಯರಿಗೆ ತಾವು ಮಾಡುವ ಕೆಲಸವನ್ನು ಸ್ಪಷ್ಟವಾಗಿ ತಿಳಿಸಿ, ಸ್ಪೈರೋಮೆಟ್ರಿ ಪರೀಕ್ಷೆ ಮಾಡಿಸಿಕೊಳ್ಳಬೇಕು. ಬೇಗ ಪತ್ತೆಯಾಗಿ ಸಂಪರ್ಕ ತಪ್ಪಿದರೆ ಚೇತರಿಕೆಯ ಸಾಧ್ಯತೆ ಹೆಚ್ಚು.

ಬಾಯಿಗೆ ಕಟ್ಟಿದ ಕರ್ಚೀಫಾಗಲಿ ಬಟ್ಟೆಯ ಮಾಸ್ಕಾಗಲಿ ಇದನ್ನು ತಡೆಯಲಾರದು. ಶುದ್ಧ ಗಾಳಿಯನ್ನು ಕೊಳವೆಯ ಮೂಲಕ ಒದಗಿಸುವ ಮುಖಕವಚವೇ ಉತ್ತಮ. ಬಣ್ಣ ಹೊಡೆಯುವ ಸ್ಥಳ ಪ್ರತ್ಯೇಕವಾಗಿದ್ದು, ಗಾಳಿಯನ್ನು ಹೊರಸೆಳೆಯುವ ಫ್ಯಾನ್ ಇರಬೇಕು. ಗನ್ ನಿಲ್ಲಿಸಿದೊಡನೆ ಕವಚ ತೆಗೆಯಬಾರದು. ಮಂಜು ಪೂರ್ತಿ ಹೊರಹೋಗುವವರೆಗೆ ಕಾಯಬೇಕು. ಗನ್ ತೊಳೆಯುವಾಗಲೂ ಕೈಗವಸು ಅಗತ್ಯ. ತಿನ್ನರ್‌ನಿಂದ ಕೈ ತೊಳೆದರೆ ಚರ್ಮ ಒಡೆದು ಉರಿಯುತ್ತದೆ, ಸಾಬೂನು ಸಾಕು. ಕೆಲಸದ ಬಟ್ಟೆಯನ್ನು ಅಲ್ಲಿಯೇ ಬದಲಿಸಿದರೆ ಧೂಳು ಮನೆಯ ಮಕ್ಕಳನ್ನು ಮುಟ್ಟದು.

ಕೆಲಸದಿಂದ ಬರುವ ಆಸ್ತಮಾವು 2020ರ ಸಾಮಾಜಿಕ ಭದ್ರತಾ ಸಂಹಿತೆಯ ಮೂರನೆಯ ಅನುಸೂಚಿಯಲ್ಲಿ ವೃತ್ತಿಜನ್ಯ ಕಾಯಿಲೆಯೆಂದು ಸೇರಿದೆ. ಆದ್ದರಿಂದ ಚಿಕಿತ್ಸೆಯ ಚೀಟಿಗಳನ್ನು ಜೋಪಾನವಾಗಿಡುವುದು ಲೇಸು. ಗ್ಯಾರೇಜಿನ ಮಾಲೀಕರಾದ ಭಕ್ತರು ಮುಖಕವಚದ ಬೆಲೆಯನ್ನು ಖರ್ಚೆಂದು ಎಣಿಸದೆ, ದುಡಿಯುವವನ ಉಸಿರಿಗೆ ಇಟ್ಟ ಕಾವಲೆಂದು ತಿಳಿಯಬೇಕು.