ಲಕೋಟೆಯ ಮೇಲಿನ ಲೆಕ್ಕ

1845ರ ಜನವರಿ 10ರಂದು ರಾಬರ್ಟ್ ಬ್ರೌನಿಂಗ್ ಎಂಬ ಕವಿ, ತಾನು ಮುಖವನ್ನೇ ಕಂಡಿರದ ಎಲಿಜಬೆತ್ ಬ್ಯಾರೆಟ್ ಎಂಬ ಕವಯಿತ್ರಿಗೆ ಕಾಗದ ಬರೆದ. ಆಗ ಅವನಿಗಿಂತ ಆಕೆಗೇ ಹೆಚ್ಚು ಹೆಸರು. ಆದರೆ ಕಾಯಿಲೆಯಿಂದಾಗಿ ಲಂಡನ್ನಿನ ವಿಂಪೋಲ್ ಬೀದಿಯ 50ನೇ ನಂಬರಿನ ಮನೆಯಿಂದ ಹೊರಬೀಳುತ್ತಿದ್ದುದೇ ಅಪರೂಪ. ಮಕ್ಕಳಲ್ಲಿ ಯಾರೂ ಮದುವೆಯಾಗಕೂಡದೆಂಬುದು ತಂದೆಯ ಹಟ. ಇಪ್ಪತ್ತು ತಿಂಗಳು ಇವರಿಬ್ಬರ ನಡುವೆ ಓಡಾಡಿದ ಕಾಗದಗಳಲ್ಲಿ 573 ಇಂದಿಗೂ ಉಳಿದಿವೆ.

1899ರಲ್ಲೇ ಅವರ ಮಗ ಇವನ್ನು ಎರಡು ಸಂಪುಟಗಳಲ್ಲಿ ಅಚ್ಚು ಹಾಕಿಸಿದ್ದ. ಹಾಗಿದ್ದರೂ ಮೂಲ ಕಾಗದಗಳು ಬೇಕೇ ಬೇಕು. ಅದಕ್ಕೆ ಲಕೋಟೆಗಳೇ ಸಾಕ್ಷಿ. ಎಷ್ಟೋ ಕಾಗದಗಳ ತಲೆಯಲ್ಲಿ ತಾರೀಖಿಲ್ಲ, ವಾರದ ಹೆಸರು ಮಾತ್ರ. 1840ರ ಹೊತ್ತಿಗೆ ಪೆನ್ನಿ ಅಂಚೆ ಬಂದು, ಲಂಡನ್ನಿನಲ್ಲಿ ದಿನಕ್ಕೆ ಹಲವು ಸಲ ಬಟವಾಡೆ ಆಗುತ್ತಿತ್ತು. ಹಾಗಾಗಿ ಯಾವುದು ಮೊದಲು, ಯಾವುದು ಆಮೇಲೆ ಎಂದು ಹೇಳಬೇಕಾದದ್ದು ಅಂಚೆಯ ಮುದ್ರೆಯೇ. ಇನ್ನೊಂದು ಸಂಗತಿ ನನಗೆ ಬಹಳ ಇಷ್ಟ. ಆಕೆಯನ್ನು ನೋಡಿಬಂದಾಗಲೆಲ್ಲ ಬ್ರೌನಿಂಗ್, ಆಕೆಯಿಂದ ಬಂದಿದ್ದ ಕಾಗದದ ಲಕೋಟೆಯ ಮೇಲೆ ದಿನ, ವೇಳೆ ಗುರುತು ಹಾಕಿಡುತ್ತಿದ್ದ. ಮೊದಲನೆಯದು 1845ರ ಮೇ 20, ಮಂಗಳವಾರ, ಮಧ್ಯಾಹ್ನ ಮೂರರಿಂದ ನಾಲ್ಕೂವರೆ. ಆ ಲೆಕ್ಕ 91ಕ್ಕೆ ಮುಟ್ಟಿತು. ಅಷ್ಟೂ ಭೇಟಿಗಳನ್ನು ಪ್ರೇಮಿಯ ಕೈಬರಹದಲ್ಲೇ ಎಣಿಸಬಹುದು.

ಈ ಸಾಲಿನಲ್ಲಿ ಒಂದು ಕಾಗದ ಇಲ್ಲ. ಮೊದಲ ಭೇಟಿ ಆದದ್ದೇ ತಡ, ಅವನು ಮನಸ್ಸಿನ ಮಾತನ್ನು ಬರೆದೇಬಿಟ್ಟ. ಆಕೆ ಬೆದರಿದಳು, ಇಂಥ ಮಾತು ಮತ್ತೆ ಎತ್ತಿದರೆ ಭೇಟಿಯೇ ಬೇಡ ಎಂದಳು. ಅವನು ಕಾಗದ ವಾಪಸು ಕೇಳಿದ, ಆಕೆ ಕಳಿಸಿದಳು, ಅವನು ಸುಟ್ಟುಹಾಕಿದ. ಅಂಥದೊಂದು ಕಾಗದ ಇತ್ತೆಂದು ನಮಗೆ ತಿಳಿದಿರುವುದು ಆಕೆಯ ಉತ್ತರ ಉಳಿದಿರುವುದರಿಂದ. ಎರಡೂ ಕಡೆಯ ಕಾಗದಗಳು ಒಂದೆಡೆ ಇರುವುದರ ಬೆಲೆ ಇಲ್ಲಿ ಗೊತ್ತಾಗುತ್ತದೆ.

1846ರ ಸೆಪ್ಟೆಂಬರ್ 12ರಂದು ಇಬ್ಬರೂ ಗುಟ್ಟಾಗಿ ಮದುವೆಯಾಗಿ, ವಾರ ಕಳೆದು ಇಟಲಿಗೆ ಹೊರಟರು. ಕಾಗದಗಳೂ ಅಲ್ಲಿಗೆ ನಿಂತವು.

ಮುಪ್ಪಿನಲ್ಲಿ ಬ್ರೌನಿಂಗ್ ತನ್ನ ಬಳಿಯಿದ್ದ ಬೇರೆ ಪತ್ರಗಳನ್ನು ಬಹುಮಟ್ಟಿಗೆ ನಾಶಮಾಡಿದ, ಇವನ್ನು ಮಾತ್ರ ಮಗನ ಇಚ್ಛೆಗೆ ಬಿಟ್ಟ. ಆ ಮಗ 1912ರಲ್ಲಿ ಉಯಿಲು ಬರೆಯದೆ ತೀರಿಕೊಂಡ. ಮರುವರ್ಷ ಲಂಡನ್ನಿನ ಸೋದೆಬೀಸ್ ಹರಾಜಿನಲ್ಲಿ ಮನೆಯ ಪುಸ್ತಕ, ಹಸ್ತಪ್ರತಿ, ಚಿತ್ರಗಳೆಲ್ಲ ದಿಕ್ಕಿಗೊಂದಾದವು. ಪ್ರೇಮಪತ್ರಗಳು 1930ರಲ್ಲಿ ಅಮೆರಿಕದ ವೆಲ್ಸ್‌ಲಿ ಕಾಲೇಜಿಗೆ ಕೊಡುಗೆಯಾಗಿ ಬಂದವು. ಅದಕ್ಕೂ ಮೊದಲೇ, ಅಮೆರಿಕದಲ್ಲೇ ಟೆಕ್ಸಾಸಿನ ಬೇಲರ್ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಎ. ಜೆ. ಆರ್ಮ್‌ಸ್ಟ್ರಾಂಗ್ ತಾನು ಕೂಡಿಹಾಕಿದ್ದ ಬ್ರೌನಿಂಗ್ ಸಂಗ್ರಹವನ್ನು 1918ರಲ್ಲಿ ಅಲ್ಲಿಗೇ ಕೊಟ್ಟಿದ್ದ. ಅದು ಬೆಳೆದು, 1951ರಲ್ಲಿ ಅದಕ್ಕೆಂದೇ ಒಂದು ಗ್ರಂಥಾಲಯ ಎದ್ದಿತು. ಒಬ್ಬ ಮೇಷ್ಟ್ರ ಹಂಬಲದಿಂದ ಇಷ್ಟೆಲ್ಲ ಆಯಿತು.

2012ರ ಫೆಬ್ರವರಿ 14ರಂದು ಈ ಎರಡು ಸಂಸ್ಥೆಗಳು ಸೇರಿ ಅಷ್ಟೂ ಪ್ರೇಮಪತ್ರಗಳ ಚಿತ್ರಗಳನ್ನು ಅಂತರ್ಜಾಲದಲ್ಲಿ ಎಲ್ಲರಿಗೂ ತೆರೆದಿಟ್ಟವು. ಹಾಳೆಗಳ ಜೊತೆ ಲಕೋಟೆಗಳೂ ಅಲ್ಲಿವೆ.