ಊದಬೇಕಾದ್ದು ಟ್ರಂಪೆಟ್, ತುಟಿ ಅಲ್ಲ ಮಾರಾಯ: ಹವ್ಯಾಸಿ ವಾದಕರ ಹರಟೆಯಲ್ಲಿ ಸಿಕ್ಕ ಪಾಠ

ಇಯರ್‌ಫೋನ್ ಹಾಕ್ಕೊಂಡು ಕೇಳ್ತಿರೋರು ವಾಲ್ಯೂಮ್ ಒಂದೆರಡು ಗೆರೆ ಇಳಿಸ್ಕೊಳ್ಳಿ, ಇವತ್ತಿನ ಎಪಿಸೋಡ್‌ನಲ್ಲಿ ಟ್ರಂಪೆಟ್ ಇದೆ. ಇಲ್ಲಿ ಓದ್ತಿರೋರಿಗೆ ಆ ತೊಂದರೆ ಇಲ್ಲ.

ಈ ಸಲ ಮೈಕ್ ಮುಂದೆ ಕೂತಿದ್ದು ಮೂವರು. ಮೂವರಿಗೂ ಟ್ರಂಪೆಟ್‌ನಿಂದ ಒಂದು ರೂಪಾಯಿ ಆದಾಯ ಇಲ್ಲ, ಖರ್ಚು ಮಾತ್ರ ಇದೆ. ಒಬ್ಬರು ಮಂಗಳೂರು ಕಡೆಯವರು, ಐವತ್ತು ದಾಟಿದವರು, ಹುಡುಗರಾಗಿದ್ದಾಗ ಚರ್ಚ್ ಬ್ಯಾಂಡಿನಲ್ಲಿ ಕಲಿತವರು. ಎಲ್ಲರೂ ಅವರನ್ನ ಅಂಕಲ್ ಅಂತೀವಿ. ಇನ್ನೊಬ್ಬರು ಶಾಲೆಯ ಬ್ಯಾಂಡಿನಲ್ಲಿ ನುಡಿಸ್ತಿದ್ದು, ಈಗ ಸಾಫ್ಟ್‌ವೇರ್ ಕೆಲಸದ ಮಧ್ಯೆ ಮತ್ತೆ ಟ್ರಂಪೆಟ್ ಎತ್ತಿಕೊಂಡಿರೋ ಅಕ್ಕ. ಮೂರನೆಯವನು ಡಿಗ್ರಿ ಓದ್ತಿರೋ ಹುಡುಗ, ನಾಲ್ಕು ತಿಂಗಳ ಹಿಂದೆ ಸೆಕೆಂಡ್ ಹ್ಯಾಂಡ್ ಟ್ರಂಪೆಟ್ ತಗೊಂಡವನು. ಮೂವರೂ ಹೆಸರು ಹಾಕ್ಬೇಡಿ ಅಂದ್ರು. ಅಕ್ಕನ ಕಾರಣ ಚೆನ್ನಾಗಿತ್ತು: "ಆ ಸೌಂಡ್ ಯಾವ ಫ್ಲ್ಯಾಟ್‌ನಿಂದ ಬರ್ತಿದೆ ಅಂತ ನಮ್ಮ ಅಪಾರ್ಟ್‌ಮೆಂಟ್‌ನವರಿಗೆ ಇನ್ನೂ ಪಕ್ಕಾ ಗೊತ್ತಾಗಿಲ್ಲ."

ಹುಡುಗ ಬಂದಿದ್ದು ಒಂದು ಪ್ರಶ್ನೆ ಹಿಡ್ಕೊಂಡು. ಇನ್ನು ಮೂರು ವಾರಕ್ಕೆ ಅವನ ಅಣ್ಣನ ಆರತಕ್ಷತೆ. ಸ್ಟೇಜ್ ಮೇಲೆ ಒಂದು ಹಾಡು ನುಡಿಸ್ತೀನಿ ಅಂತ ಮನೆಯವರಿಗೆಲ್ಲ ಹೇಳಿ ಆಗಿದೆ. ದಿನಾ ಎರಡು ಗಂಟೆ ಬಿಡದೆ ಪ್ರಾಕ್ಟೀಸ್. ಆದ್ರೂ ಹಾಡಿನ ಮೇಲಿನ ಸ್ವರ ಹತ್ತತಾ ಇಲ್ಲ, ಮೇಲ್ದುಟಿ ಊದ್ಕೊಂಡಿದೆ, ಬೆಳಗ್ಗೆ ಎದ್ರೆ ಜುಮ್ ಅನ್ನತ್ತೆ. "ಇನ್ನೂ ಜಾಸ್ತಿ ಪ್ರಾಕ್ಟೀಸ್ ಮಾಡ್ಲಾ ಅಂಕಲ್, ಇಲ್ಲ ಮಾರಿಬಿಡ್ಲಾ?"

ಅಂಕಲ್ ಅವನ ತುಟಿ ನೋಡಿ ಹೇಳಿದ ಮೊದಲ ಮಾತೇ ಈ ಎಪಿಸೋಡ್‌ನ ಹೆಸರು: "ಊದಬೇಕಾದ್ದು ಟ್ರಂಪೆಟ್, ತುಟಿ ಅಲ್ಲ ಮಾರಾಯ!"

ಸ್ವರ ಹುಟ್ಟೋದು ಎಲ್ಲಿ?

ಟ್ರಂಪೆಟ್ ಗೊತ್ತಿಲ್ಲದವರಿಗೆ ಮೊದಲು ಬೇಸಿಕ್ಸ್ ಹೇಳ್ತೀನಿ. ಮದುವೆ ಮನೆಯಲ್ಲಿ ಓಲಗ ನೋಡಿರ್ತೀರ. ನಾದಸ್ವರದವರು ಬಾಯಿಗಿಡೋ ತುದಿಯಲ್ಲಿ ಒಂದು ಪುಟ್ಟ ಪೀಪಿ ಇರತ್ತೆ. ಊದಿದಾಗ ಅದು ನಡುಗತ್ತೆ, ನಾದ ಬರತ್ತೆ. ಟ್ರಂಪೆಟ್‌ನಲ್ಲಿ ಆ ಪೀಪಿ ಇಲ್ಲ. ಅಲ್ಲಿ ಪೀಪಿ ಅಂದ್ರೆ ನಿಮ್ಮ ತುಟಿಗಳೇ. ಚಿಕ್ಕ ಮಕ್ಕಳು ಬಸ್ ಓಡಿಸೋ ಆಟದಲ್ಲಿ ತುಟಿ ಸೇರಿಸಿ 'ಬುರ್ರ್' ಅಂತಾರಲ್ಲ, ಹೆಚ್ಚುಕಮ್ಮಿ ಅದೇ ಕೆಲಸ, ಬಟ್ಟಲಿನ ಹಾಗಿರೋ ಮೌತ್‌ಪೀಸ್ ಒಳಗೆ ನಡೀತಿರತ್ತೆ.

ಮಿಕ್ಕಿದ್ದು ಹಿತ್ತಾಳೆ ಕೊಳವೆ. ಸಾಮಾನ್ಯವಾಗಿ ಎಲ್ಲರ ಕೈಯಲ್ಲಿರೋ ಬಿ ಫ್ಲ್ಯಾಟ್ ಟ್ರಂಪೆಟ್‌ನ ಸುರುಳಿ ಬಿಚ್ಚಿ ನೇರ ಮಾಡಿದ್ರೆ ಸುಮಾರು ಒಂದೂವರೆ ಮೀಟರ್ ಉದ್ದ. ಮೂರು ವಾಲ್ವ್ ಇವೆ. ಒಂದೊಂದು ಒತ್ತಿದಾಗಲೂ ಗಾಳಿ ಒಂದು ಹೆಚ್ಚುವರಿ ಕೊಳವೆ ಸುತ್ತಿ ಬರತ್ತೆ, ಉದ್ದ ಜಾಸ್ತಿ ಆಗಿ ಸ್ವರ ಕೆಳಗಿಳಿಯತ್ತೆ. ಎರಡನೆಯದು ಅರ್ಧ ಸ್ವರ, ಮೊದಲನೆಯದು ಒಂದು ಸ್ವರ, ಮೂರನೆಯದು ಒಂದೂವರೆ ಸ್ವರ ಇಳಿಸತ್ತೆ.

ಆದ್ರೆ ಮೂರು ಬೆರಳಿಂದ ಅಷ್ಟೊಂದು ಸ್ವರ ಹೇಗೆ? ಯಾವ ವಾಲ್ವ್ ಒತ್ತದೇ ಇದ್ರೂ ಒಂದರ ಮೇಲೊಂದು ಹಲವು ಸ್ವರ ಬರತ್ತೆ. ಪೆರೇಡ್‌ನಲ್ಲಿ ಬಗಲ್ ಊದೋದು ನೋಡಿ, ಅದರಲ್ಲಿ ವಾಲ್ವೇ ಇಲ್ಲ. ಯಾವ ಸ್ವರ ಬರಬೇಕು ಅಂತ ತೀರ್ಮಾನ ಮಾಡೋದು ತುಟಿ ಎಷ್ಟು ವೇಗವಾಗಿ ನಡುಗತ್ತೆ ಅನ್ನೋದು. ಟ್ರಂಪೆಟ್‌ನವರು ಕೆಳಗಿನ ಸಿ ಅನ್ನೋ ಸ್ವರಕ್ಕೆ ತುಟಿ ಸೆಕೆಂಡಿಗೆ ಸುಮಾರು 233 ಸಲ ನಡುಗತ್ತೆ. ಒಂದು ಸ್ಥಾಯಿ ಮೇಲಿನ ಸಿ ಅಂದ್ರೆ 466. ಅದರ ಮೇಲಿನ, ಎಲ್ಲರೂ ಕನಸು ಕಾಣೋ ಹೈ ಸಿ ಅಂದ್ರೆ 932. ಒಂದು ಸೆಕೆಂಡಿಗೆ! ಹಾಗಾಗಿ ತುಟಿ ಮೆತ್ತಗೆ, ಫ್ರೀಯಾಗಿ ಇದ್ರೆ ಮಾತ್ರ ಈ ಲೆಕ್ಕ ಟ್ಯಾಲಿ ಆಗೋದು.

ಒತ್ತಿದ್ರೆ ಆಗೋದೇನು?

ಹೊಸಬರು ಮೇಲಿನ ಸ್ವರ ಬರಲಿಲ್ಲ ಅಂದ್ರೆ ಟ್ರಂಪೆಟ್‌ನ ಬಾಯಿಗೆ ಒತ್ತಿ ಹಿಡೀತಾರೆ. ಕಷ್ಟ ಏನಂದ್ರೆ, ಒತ್ತಿದ್ರೆ ಆ ಕ್ಷಣಕ್ಕೆ ಸ್ವರ ಬಂದುಬಿಡತ್ತೆ. "ಅದೇ ಮೋಸ" ಅಂದ್ರು ಅಕ್ಕ. ಒಂದು ಕಡೆ ಹಲ್ಲು, ಇನ್ನೊಂದು ಕಡೆ ಲೋಹದ ಅಂಚು, ಮಧ್ಯೆ ತುಟಿ ಚಟ್ನಿ. ರಕ್ತ ಓಡಾಡೋದು ಕಮ್ಮಿ ಆಗತ್ತೆ. ಸುಸ್ತಾದ ತುಟಿ ಊದ್ಕೊಂಡು ದಪ್ಪ ಆಗತ್ತೆ. ದಪ್ಪ ತುಟಿ ಬೇಗ ನಡುಗಲ್ಲ. ನಡುಗದಿದ್ರೆ ಮೇಲಿನ ಸ್ವರ ಬರಲ್ಲ. ಬರಲಿಲ್ಲ ಅಂತ ಇನ್ನೂ ಒತ್ತೋದು.

ನಾನು ಬಿ.ಕಾಂ. ಓದಿದವನು, ನನಗೆ ಇದು ಒಂದೇ ಥರ ಅರ್ಥ ಆಗೋದು: ಒಂದು ಕ್ರೆಡಿಟ್ ಕಾರ್ಡ್ ಬಿಲ್ ಕಟ್ಟೋಕೆ ಇನ್ನೊಂದು ಕಾರ್ಡ್ ಉಜ್ಜಿದ ಹಾಗೆ. ಈ ತಿಂಗಳು ಕಳೆಯತ್ತೆ, ಸಾಲ ಮಾತ್ರ ಬೆಳೀತಾ ಹೋಗತ್ತೆ.

ಅಂಕಲ್ ಆ ಸಾಲ ಕಟ್ಟಿದವರು. ಇಪ್ಪತ್ತೆರಡನೇ ವಯಸ್ಸಿನಲ್ಲಿ, ಹಬ್ಬದ ಸೀಸನ್‌ನಲ್ಲಿ ತುಟಿ ಒಡೆದಿದ್ರೂ ನುಡಿಸಿದ್ರಂತೆ. "ಎಲ್ಲರೂ ಭೇಷ್ ಅಂದ್ರು. ಆಮೇಲೆ ಒಂದು ವರ್ಷ ನಾನು ಟ್ರಂಪೆಟ್ ಮುಟ್ಟಲಿಲ್ಲ. ಮುಟ್ಟಲಿಕ್ಕೆ ಆಗ್ತಾ ಇರಲಿಲ್ಲ ಮಾರಾಯ. ಭೇಷ್ ಅಂದವರು ಯಾರೂ ಕೇಳಲಿಕ್ಕೆ ಬರಲಿಲ್ಲ."

ದೊಡ್ಡವರನ್ನೂ ಇದು ಬಿಟ್ಟಿಲ್ಲ. ಜಾಝ್ ಅಂದ ಕೂಡಲೇ ನೆನಪಾಗೋ ಲೂಯಿ ಆರ್ಮ್‌ಸ್ಟ್ರಾಂಗ್‌ಗೆ 1930ರ ದಶಕದಲ್ಲಿ ತುಟಿಯ ಗಾಯ ವಿಪರೀತ ಆಗಿ, ತಿಂಗಳುಗಟ್ಟಲೆ ನುಡಿಸೋದು ನಿಲ್ಲಿಸಬೇಕಾಯ್ತು. ಬಾಯಿ ಸುತ್ತ ಉಂಗುರದ ಹಾಗಿರೋ ಸ್ನಾಯು ಹರಿಯೋದಕ್ಕೆ ವೈದ್ಯರು ಮುಂದೆ ಅವರ ಅಡ್ಡಹೆಸರನ್ನೇ ಇಟ್ರು: ಸ್ಯಾಚ್ಮೊ ಸಿಂಡ್ರೋಮ್. ಇನ್ನೊಬ್ಬ ದಿಗ್ಗಜ ಫ್ರೆಡ್ಡಿ ಹಬರ್ಡ್ ಅವರ ಮೇಲ್ದುಟಿ 1992ರಲ್ಲಿ ಒಡೆದು ಸೋಂಕಾಯ್ತು. ಆಮೇಲೂ ನುಡಿಸಿದ್ರು, ಆದ್ರೆ ಹಳೆಯ ಶಕ್ತಿ ಪೂರ್ತಿ ವಾಪಸ್ ಬರಲೇ ಇಲ್ಲ.

ಇದನ್ನ ಹೇಳುವಾಗ ಹುಡುಗನ ಮುಖ ನೋಡ್ಬೇಕಿತ್ತು. ವಾತಾವರಣ ತಿಳಿ ಮಾಡೋಕೆ ಅಕ್ಕ ಒಂದು ಹಳೇ ಜೋಕ್ ಬಿಟ್ರು. "ಬಲ್ಬ್ ಬದಲಾಯಿಸೋಕೆ ಎಷ್ಟು ಜನ ಟ್ರಂಪೆಟ್‌ನವರು ಬೇಕು? ಹತ್ತು. ಒಬ್ಬ ಬದಲಾಯಿಸ್ತಾನೆ, ಒಂಬತ್ತು ಜನ ಕೆಳಗೆ ನಿಂತು 'ಇದನ್ನ ನಾನು ಇನ್ನೂ ಚೆನ್ನಾಗಿ ಮಾಡ್ತಿದ್ದೆ' ಅಂತಾರೆ." ಅಂಕಲ್ ತಕ್ಷಣ, "ನಿನ್ನ ಜೋಕ್ ಕೂಡ ನಾನು ಇನ್ನೂ ಚೆನ್ನಾಗಿ ಹೇಳ್ತಿದ್ದೆ."

ಹಾಗಾದ್ರೆ ಪ್ರಾಕ್ಟೀಸ್ ಹೇಗೆ?

ಬೇರೆ ಎಲ್ಲ ವಿಷಯಕ್ಕೂ ಜಗಳ ಆಡೋ ಇವರಿಬ್ಬರು ಒಂದೇ ಒಂದು ಮಾತಿಗೆ ಒಟ್ಟಿಗೆ ತಲೆ ಆಡಿಸಿದ್ರು: ಎಷ್ಟು ಹೊತ್ತು ನುಡಿಸ್ತೀರೋ ಅಷ್ಟೇ ಹೊತ್ತು ಸುಮ್ಮನಿರಿ. ಹತ್ತು ನಿಮಿಷ ನುಡಿಸಿದ್ರೆ ಹತ್ತು ನಿಮಿಷ ಟ್ರಂಪೆಟ್ ಕೆಳಗೆ. ಫೋನ್‌ನಲ್ಲಿ ಟೈಮರ್ ಇಡಿ. ಎರಡು ಗಂಟೆ ಒಂದೇ ಉಸಿರಿಗೆ ಕೂರೋದಕ್ಕಿಂತ, ಬೆಳಗ್ಗೆ ಇಪ್ಪತ್ತು, ಸಂಜೆ ಇಪ್ಪತ್ತು ನಿಮಿಷ ಲಾಭ ಜಾಸ್ತಿ. ತುಟಿ ಒಂದು ಉಳಿತಾಯ ಖಾತೆ. ರೆಸ್ಟ್ ಅಂದ್ರೆ ಜಮಾ, ನುಡಿಸೋದು ಖರ್ಚು. ಬ್ಯಾಲೆನ್ಸ್ ಸೊನ್ನೆ ಆಗೋ ಮುಂಚೆ ನಿಲ್ಲಿಸೋದೇ ಜಾಣತನ.

ಸುಮ್ಮನಿರೋ ಹೊತ್ತು ದಂಡ ಅಲ್ಲ. ಆ ಹತ್ತು ನಿಮಿಷ ಬಾಯಲ್ಲಿ ಹಾಡು ಗುನುಗ್ತಾ ಬೆರಳು ಮಾತ್ರ ವಾಲ್ವ್ ಮೇಲೆ ಆಡಿಸಿ. ಗುನುಗೋಕೆ ಬರದ ಸ್ವರವನ್ನ ತುಟಿ ಕತ್ತಲಲ್ಲಿ ಹುಡುಕ್ತಿರತ್ತೆ ಅಂತಾರೆ ಅಂಕಲ್.

ಇನ್ನೊಂದು, ಗಾಳಿ. ಹೊಟ್ಟೆ ತುಂಬ ಉಸಿರು ತಗೊಂಡು, ಬಿಸಿ ಕಾಫಿ ಆರಿಸೋ ಹಾಗೆ ನಿಲ್ಲದೆ ಬಿಡೋದು. ಮೇಲಿನ ಸ್ವರಕ್ಕೆ ಗಾಳಿಯ ವೇಗ ಹೆಚ್ಚಬೇಕು, ಕೈಯ ಒತ್ತಡ ಅಲ್ಲ. ಎಷ್ಟು ಒತ್ತುತ್ತಿದ್ದೀರಿ ಅಂತ ನೋಡ್ಕೊಳ್ಳೋಕೆ ಅಕ್ಕನ ಉಪಾಯ: ನುಡಿಸಿದ ಮೇಲೆ ಕನ್ನಡಿ ನೋಡಿ. ತುಟಿ ಮೇಲೆ ಉಂಗುರದ ಗುರುತು ಸ್ವಲ್ಪ ಇರೋದು ಸಹಜ. ಅದು ಆಳವಾಗಿದ್ದು, ತುಂಬ ಹೊತ್ತು ಹೋಗಲಿಲ್ಲ ಅಂದ್ರೆ ಒತ್ತಿದ್ದು ಜಾಸ್ತಿ ಆಯ್ತು. ತುಟಿ ಒಡೆದ್ರೆ, ಅಥವಾ ಕೆಲವು ದಿನ ಬಿಟ್ಟರೂ ಊತ, ಜುಮ್ಮು ಇಳೀಲಿಲ್ಲ ಅಂದ್ರೆ ಗೆಳೆಯರ ಸಲಹೆ ಸಾಕು, ಡಾಕ್ಟರ್ ಹತ್ರ ಹೋಗಿ.

ಮೌತ್‌ಪೀಸ್, ಎಣ್ಣೆ, ಪಕ್ಕದ ಮನೆ

ಇಲ್ಲಿ ಹುಡುಗ ಕೇಳಿದ: "ಮೌತ್‌ಪೀಸ್ ಚೇಂಜ್ ಮಾಡಿದ್ರೆ ಮೇಲಿನ ಸ್ವರ ಈಸಿ ಆಗತ್ತಂತೆ?" ಇಬ್ಬರೂ ನಕ್ಕರು. ಅವರಿಬ್ಬರ ಡ್ರಾಯರ್‌ನಲ್ಲೂ ಬಳಸದ ಮೌತ್‌ಪೀಸ್‌ಗಳ ಸಂಗ್ರಹಾಲಯ ಇದೆಯಂತೆ! ಕಲಿಯೋರು ಹೆಚ್ಚಾಗಿ ಬಾಕ್ 7ಸಿ ಅನ್ನೋ ಅಳತೆಯಿಂದ ಶುರು ಮಾಡ್ತಾರೆ. ಬಾಕ್ ಲೆಕ್ಕದಲ್ಲಿ ಅಂಕಿ ಕಮ್ಮಿ ಆದಷ್ಟೂ ಬಟ್ಟಲು ಅಗಲ. ಅಕ್ಷರ ಎ ಕಡೆ ಹೋದಷ್ಟೂ ಆಳ. ಆಳ ಕಮ್ಮಿ ಇದ್ರೆ ಮೇಲಿನ ಸ್ವರಕ್ಕೆ ಸ್ವಲ್ಪ ಸಹಾಯ ಆಗತ್ತೆ ನಿಜ, ಆದ್ರೆ ನಾದ ತೆಳುವಾಗತ್ತೆ. ಒತ್ತೋ ಅಭ್ಯಾಸ ಯಾವ ಮೌತ್‌ಪೀಸ್‌ನಿಂದಲೂ ಹೋಗಲ್ಲ.

ವಾಲ್ವ್ ಅಂಟಿಕೊಳ್ತಿದೆ ಅಂತ ಅವನ ಅಜ್ಜಿ ಕೊಬ್ಬರಿ ಎಣ್ಣೆ ಹಾಕು ಅಂದಿದ್ರಂತೆ. "ಅಜ್ಜಿ ತಲೆಗೆ ಹೇಳಿದ್ದು ಸರಿ, ಟ್ರಂಪೆಟ್‌ಗೆ ಬೇಡ" ಅಂದ್ರು ಅಕ್ಕ. ಚಳಿಗೆ ಅದು ಗಟ್ಟಿ ಆಗತ್ತೆ, ಕೊಳೆ ಹಿಡಿಯತ್ತೆ. ವಾಲ್ವ್ ಆಯಿಲ್ ಅಂತಲೇ ಬರತ್ತೆ, ಅದನ್ನೇ ಹಾಕಿ. ಮೌತ್‌ಪೀಸ್ ಸಿಕ್ಕಿಹಾಕ್ಕೊಂಡ್ರೆ ಕಟಿಂಗ್ ಪ್ಲೇಯರ್ ಹಿಡ್ಕೊಂಡು ತಿರುಚಬೇಡಿ, ತೆಳ್ಳಗಿನ ಕೊಳವೆಯೇ ತಿರುಚಿಕೊಳ್ಳತ್ತೆ. ಅಂಗಡಿಯವರ ಹತ್ರ ಅದನ್ನ ಎಳೆಯೋ ಸಾಧನ ಇರತ್ತೆ. ಜಾಮೂನು ತಿಂದು ನೇರವಾಗಿ ಊದಬೇಡಿ, ಬಾಯಿ ತೊಳ್ಕೊಂಡು ಬನ್ನಿ. ಮತ್ತೆ ಕೆಳಗೆ ನೀರು ಬಿಡ್ತಾರಲ್ಲ, ಅದು ಎಂಜಲು ಅಂತ ಮುಖ ಸಿಂಡರಿಸ್ಬೇಡಿ. ಅದರಲ್ಲಿ ಬಹುಪಾಲು ನಿಮ್ಮ ಉಸಿರಿನ ಹಬೆ ತಣ್ಣನೆ ಕೊಳವೆಗೆ ತಾಗಿ ನೀರಾಗಿದ್ದು.

ಪಕ್ಕದ ಮನೆ ಸಮಸ್ಯೆಗೆ ಅಕ್ಕನ ಪರಿಹಾರ ಬಟ್ಟೆ ತುಂಬಿದ ವಾರ್ಡ್‌ರೋಬ್ ಬಾಗಿಲು ತೆಗೆದು ಅದರೊಳಗೆ ಊದೋದು. ಜೊತೆಗೆ ಪ್ರಾಕ್ಟೀಸ್ ಮ್ಯೂಟ್. ಆದ್ರೆ ಅದರಿಂದ ಎದುರು ಒತ್ತಡ ಜಾಸ್ತಿ, ದಿನವಿಡೀ ಅದರಲ್ಲೇ ಊದಬೇಡಿ ಅಂತಾರೆ. ಅಂಕಲ್ ಪರಿಹಾರ ಇನ್ನೂ ಸರಳ: ಮೆಲ್ಲಗೆ ನುಡಿಸು. ಅಮೆರಿಕದ ಕಾರ್ನೆಟ್ ವಾದಕ ಹರ್ಬರ್ಟ್ ಕ್ಲಾರ್ಕ್ 1912ರಲ್ಲಿ ತಂದ, ಇವತ್ತಿಗೂ ಎಲ್ಲರೂ ಬಳಸೋ ಅಭ್ಯಾಸದ ಪುಸ್ತಕದಲ್ಲೂ ಇದೇ ಸೂಚನೆ ಇದೆ. ಮೆಲ್ಲಗೆ ನುಡಿಸಿದ್ರೆ ತುಟಿಗೂ ಒಳ್ಳೇದು, ಪಕ್ಕದ ಮನೆಯವರಿಗೂ ಒಳ್ಳೇದು.

ಆರತಕ್ಷತೆ ಕಥೆ ಏನು?

ಕೊನೆಗೆ ಹುಡುಗನ ಪ್ರಶ್ನೆಗೆ ಬಂದ್ವಿ. ಅಂಕಲ್ ಮೊದಲು ಮೂರು ದಿನ ಪೂರ್ತಿ ರಜೆ ಹಾಕಿಸಿದ್ರು. ಆಮೇಲೆ ಹಾಡನ್ನೇ ಕೆಳಗಿನ ಶ್ರುತಿಗೆ ಇಳಿಸಿದ್ರು. "ಕೇಳೋರಿಗೆ ಹಾಡು ಬೇಕು, ನಿನ್ನ ಹೈ ಸಿ ಯಾರಿಗೆ ಬೇಕು?" ಪಲ್ಲವಿ ಇವನು, ಚರಣ ಕೀಬೋರ್ಡ್‌ನವರು, ಮತ್ತೆ ಪಲ್ಲವಿ ಇವನು. ಮಧ್ಯೆ ತುಟಿಗೆ ರೆಸ್ಟ್ ಸಿಕ್ಕಿತು, ಜನಕ್ಕೆ ಅದು ಅರೇಂಜ್‌ಮೆಂಟ್ ಥರ ಕಾಣತ್ತೆ.

ಅಕ್ಕ ಒಂದು ಮಾತು ಸೇರಿಸಿದ್ರು, ಕೀಬೋರ್ಡ್ ಜೊತೆ ನುಡಿಸೋ ಎಲ್ಲರೂ ಬರ್ಕೊಳ್ಳಿ. ಬಿ ಫ್ಲ್ಯಾಟ್ ಟ್ರಂಪೆಟ್‌ನಲ್ಲಿ ಸಿ ನುಡಿಸಿದ್ರೆ ಕೇಳಿಸೋದು ಕೀಬೋರ್ಡ್‌ನ ಬಿ ಫ್ಲ್ಯಾಟ್. ಅವರು ಸಿ ಅಂದ್ರೆ ನೀವು ಡಿ ನುಡಿಸಬೇಕು, ಯಾವಾಗಲೂ ಒಂದು ಸ್ವರ ಮೇಲೆ. ಇದನ್ನ ಸ್ಟೇಜ್ ಮೇಲೆ ಕಂಡುಹಿಡಿಯೋ ಬದಲು ಮುಂಚೆನೇ ಫೋನ್ ಮಾಡಿ ಮಾತಾಡ್ಕೊಳ್ಳಿ.

ಹುಡುಗನಿಗೆ ಸ್ವಲ್ಪ ನಿರಾಸೆ ಆಗಿದ್ದು ಕಾಣ್ತಿತ್ತು. ಇಡೀ ಹಾಡು ನುಡಿಸೋ ಆಸೆ ಇತ್ತು. "ನಿಮ್ಮ ಅಣ್ಣನಿಗೆ ಮಗು ಆಗತ್ತೆ, ನಾಮಕರಣ ಉಂಟು, ಆಗ ಪೂರ್ತಿ ನುಡಿಸು. ಅಷ್ಟು ದಿನ ತುಟಿ ಇರಬೇಕಲ್ಲವಾ?" ಅಂದ್ರು ಅಂಕಲ್. ಮಾರೋ ಮಾತು ಅವನು ಆಮೇಲೆ ಎತ್ತಲಿಲ್ಲ.

ನಾನು ಇವರಿಂದ ತಗೊಂಡಿದ್ದು ಇಷ್ಟು. ಗುರು ಇಲ್ಲದೆ ವಿಡಿಯೋ ನೋಡಿ ಕಲಿಯೋರಿಗೆ ಬೆರಳು ಎಲ್ಲಿಡಬೇಕು ಅಂತ ಸ್ಕ್ರೀನ್ ತೋರಿಸತ್ತೆ. ಎಲ್ಲಿ ನಿಲ್ಲಿಸಬೇಕು ಅಂತ ಹೇಳೋಕೆ, ನಿಮ್ಮ ತುಟಿ ನೋಡಿ ಬೈಯೋ ಒಬ್ಬ ಅಂಕಲ್ ಬೇಕು. ಸುಸ್ತಾದ ಮೇಲೂ ಊದೋದು ಹಟ, ಸುಸ್ತಾಗೋ ಮುಂಚೆ ಇಳಿಸೋದು ಅಭ್ಯಾಸ.

ನಿಮ್ಮ ಗೆಳೆಯರ ಬಳಗದಲ್ಲಿ ಯಾರಾದ್ರೂ ಟ್ರಂಪೆಟ್ ತಗೊಂಡು ತುಟಿ ಕೆಂಪು ಮಾಡ್ಕೊಂಡು ಓಡಾಡ್ತಿದ್ರೆ ಈ ಎಪಿಸೋಡ್ ಕಳಿಸಿ. ಮುಂದಿನ ವಾರ ಸಿಗೋಣ. ಅಲ್ಲೀವರೆಗೂ ಹತ್ತು ನಿಮಿಷ ಊದಿ, ಹತ್ತು ನಿಮಿಷ ಕೆಳಗಿಡಿ.