ದಂಡಿನೊಡನೆ ಸಾಗುವ ವಿಮಾನರಕ್ಷಣೆ

ವಿಮಾನದಾಳಿಯೆಂದರೆ ಪಟ್ಟಣವಾಸಿಗಳಾದ ನಮಗೆ ಮೊದಲು ನೆನಪಾಗುವುದು ಸೈರನ್ನಿನ ಕೂಗು, ಆರಿಸಿದ ದೀಪ, ನೆಲಮಾಳಿಗೆ. ಪಟ್ಟಣವು ಇದ್ದಲ್ಲಿಯೇ ಇರುತ್ತದೆ. ಅದರ ಸುತ್ತ ಫಿರಂಗಿಗಳನ್ನು ನಿಲ್ಲಿಸಿ ಕಾಯಬಹುದು. ದಾರಿ ನಡೆಯುತ್ತಿರುವ ದಂಡನ್ನು ಕಾಯುವುದು ಹೇಗೆ? ನಾವು ಈಗ ವಿಚಾರಮಾಡಬೇಕೆಂದಿರುವುದು ಈ ಪ್ರಶ್ನೆಯನ್ನು.

ಇದು ಎಷ್ಟು ಪ್ರಾಣಾಂತಿಕವಾದ ಪ್ರಶ್ನೆಯೆಂಬುದು 1918ನೆಯ ಇಸವಿ ಸೆಪ್ಟೆಂಬರ್ 21ರಂದು ಪ್ಯಾಲಸ್ತೀನಿನಲ್ಲಿ ಕಂಡುಬಂದಿತು. ಅಂದಿನ ಮೈಸೂರು ಸಂಸ್ಥಾನದ ಲ್ಯಾನ್ಸರ್ಸ್ ಕುದುರೆಯ ದಂಡು ಜೋಧಪುರದವರೊಡನೆ ಹೈಫಾ ಪಟ್ಟಣವನ್ನು ಹಿಡಿದದ್ದು ಅದೇ ದಂಡಯಾತ್ರೆಯಲ್ಲಿ, ಅದೇ ತಿಂಗಳು 23ರಂದು. ಆ ಕಥೆಯನ್ನು ನಮ್ಮಲ್ಲಿ ಅನೇಕರು ಬಲ್ಲರು. ಅದಕ್ಕೆ ಎರಡು ದಿನ ಮೊದಲು, ನಾಬ್ಲುಸ್ ಕಡೆಯಿಂದ ಹಿಮ್ಮೆಟ್ಟುತ್ತಿದ್ದ ತುರ್ಕಿ ಸೈನ್ಯವು ವಾದಿ ಫಾರಾ ಎಂಬ ಇಕ್ಕಟ್ಟಾದ ಕಣಿವೆಯಲ್ಲಿದ್ದಾಗ ಬ್ರಿಟಿಷ್ ಮತ್ತು ಆಸ್ಟ್ರೇಲಿಯಾ ವಿಮಾನಗಳು ಅದರ ಮೇಲೆ ಎರಗಿದುವು. ಸಾಲಿನ ಮುಂದಿನ ಬಂಡಿಗಳು ಬಿದ್ದು ದಾರಿ ಮುಚ್ಚಿತು. ಹಿಂದಿನವರಿಗೆ ಹೋಗಲು ಎಡೆಯಿಲ್ಲವಾಯಿತು. ಫಿರಂಗಿ, ಲಾರಿ, ಬಂಡಿಗಳ ರಾಶಿಯೇ ಅಲ್ಲಿ ಉಳಿಯಿತು. ಮೇಲಿನಿಂದ ಬರುವ ಪೆಟ್ಟನ್ನು ತಡೆಯಬಲ್ಲ ಕಾವಲು ಆ ಸಾಲಿನ ಜೊತೆಯಲ್ಲಿರಲಿಲ್ಲ.

ಕಾವಲೆಂಬುದರ ಸ್ವರೂಪವನ್ನು ತಿಳಿಯಲು ಧಾರವಾಡ ಜಿಲ್ಲೆಯ ನವಲಗುಂದದ ಎರೆಹೊಲವೊಂದನ್ನು ನೆನೆಯೋಣ. ಜೋಳದ ತೆನೆ ಹಾಲುಗಾಳಾದಾಗ ರೈತನು ಹೊಲದಲ್ಲಿ ಅಟ್ಟ ಕಟ್ಟಿ ಕವಣೆ ಹಿಡಿದು ನಿಲ್ಲುತ್ತಾನೆ. ಅಟ್ಟ ಏರುವುದು ದೂರ ಕಾಣಲೆಂದು. ಹಕ್ಕಿ ಕಂಡೊಡನೆ ಅದು ತೆನೆಗೆ ಬಂದ ಗಿಳಿಯ ಹಿಂಡೋ, ಹುಳು ಹೆಕ್ಕುವ ಬೆಳ್ಳಕ್ಕಿಯೋ ಎಂದು ಗುರುತಿಸುತ್ತಾನೆ. ಆಮೇಲೆ ಕಲ್ಲು ಬೀಸುತ್ತಾನೆ. ಸೈನ್ಯದ ವಿಮಾನರಕ್ಷಣೆಯಲ್ಲಿಯೂ ಕೆಲಸಗಳು ಇವೇ ಮೂರು. ವ್ಯತ್ಯಾಸವೇನೆಂದರೆ ರೈತನ ಹೊಲ ಕದಲುವುದಿಲ್ಲ. ಹೊಲವೇ ಎದ್ದು ಗಂಟೆಗೆ 30 ಕಿಲೋಮೀಟರು ಹೋಗತೊಡಗಿದರೆ ಅಟ್ಟವೂ ಅದರ ಸಂಗಡ ಹೋಗಬೇಕಾಗುತ್ತದೆ.

ಅಟ್ಟವು ಹಿಂದುಳಿದರೆ ಆಗುವುದೇನೆಂಬುದಕ್ಕೆ 1973ರ ಅಕ್ಟೋಬರ್ ಯುದ್ಧ ಸಾಕ್ಷಿ. ಈಜಿಪ್ಟಿನವರು ಸುಯೆಜ್ ಕಾಲುವೆಯನ್ನು ದಾಟಿದಾಗ ಅವರ ಮೇಲೆ ಕ್ಷಿಪಣಿಗಳ ದಟ್ಟವಾದ ಹೊದಿಕೆಯಿತ್ತು. ಹತ್ತಿರ ಸುಳಿದ ಇಸ್ರೇಲಿ ವಿಮಾನಗಳು ಬಹಳ ನಷ್ಟಹೊಂದಿದುವು. 14ರಂದು ಅವರ ಟ್ಯಾಂಕುಗಳು ಆ ಹೊದಿಕೆಯನ್ನು ಬಿಟ್ಟು ಸಿನಾಯಿಯ ಒಳಕ್ಕೆ ನುಗ್ಗಿದುವು. ಒಂದೇ ದಿನದಲ್ಲಿ 200ಕ್ಕೆ ಮೇಲ್ಪಟ್ಟು ಟ್ಯಾಂಕುಗಳು ಹಾಳಾದುವು. ಎದುರಾಳಿಯ ಟ್ಯಾಂಕುಗಳೇ ಇದಕ್ಕೆ ಮುಖ್ಯ ಕಾರಣವೆಂಬುದು ನಿಜ. ಆದರೆ ಹೊದಿಕೆ ಹಿಂದುಳಿದದ್ದರಿಂದ ವಿಮಾನಗಳಿಗೂ ದಾರಿ ತೆರೆಯಿತು.

ಇನ್ನು ಕಾಣುವ ಕೆಲಸ. ರೇಡಾರ್ ಯಂತ್ರವು ರೇಡಿಯೋ ಅಲೆಗಳನ್ನು ಬೀರಿ, ವಿಮಾನಕ್ಕೆ ತಗಲಿ ಮರಳಿದ ಅಲೆಗಳಿಂದ ಅದರ ದೂರವನ್ನೂ ದಿಕ್ಕನ್ನೂ ತಿಳಿಸುತ್ತದೆ. ಅಲೆಗಳು ಬಹುಮಟ್ಟಿಗೆ ನೇರವಾಗಿ ಹೋಗುತ್ತವೆ, ಭೂಮಿಯಾದರೋ ಗುಂಡಾಗಿದೆ. ನೆಲದಿಂದ 4 ಮೀಟರು ಎತ್ತರದಲ್ಲಿಟ್ಟ ರೇಡಾರಿಗೆ, 30 ಮೀಟರು ಎತ್ತರದಲ್ಲಿ ಹಾರಿಬರುವ ವಿಮಾನವು ಸಪಾಟಾದ ಬಯಲಿನಲ್ಲಿಯೂ ಸುಮಾರು 30 ಕಿಲೋಮೀಟರಿನಿಂದಾಚೆ ಕಾಣದು. ನವಲಗುಂದ, ಅಣ್ಣಿಗೇರಿಗಳ ನಡುವಣ ಮರವಿರಳವಾದ ಎರೆಬಯಲು ಈ ಲೆಕ್ಕಕ್ಕೆ ಒಳ್ಳೆಯ ಉದಾಹರಣೆ. ಆ ಎರಡು ಊರುಗಳ ನಡುವೆ ನೇರವಾಗಿ ಅಳೆದರೆ ಸುಮಾರು 17 ಕಿಲೋಮೀಟರು. ಗಂಟೆಗೆ 900 ಕಿಲೋಮೀಟರು ವೇಗದ ವಿಮಾನವು ಸೆಕೆಂಡಿಗೆ 250 ಮೀಟರು ಕ್ರಮಿಸುವುದರಿಂದ, ಅಣ್ಣಿಗೇರಿಯ ಮೇಲೆ ಕಂಡದ್ದು ಒಂದು ನಿಮಿಷ ಏಳೆಂಟು ಸೆಕೆಂಡಿನಲ್ಲಿ ನವಲಗುಂದದ ಮೇಲಿರುತ್ತದೆ. 30 ಕಿಲೋಮೀಟರಿಗೆ 2 ನಿಮಿಷ. ಇದು ಬಯಲಿನ ಮಾತು. ಅದೇ ಜಿಲ್ಲೆಯ ಪಡುವಣ ಅಂಚಿನ ಕಲಘಟಗಿಗೆ ಹೋದರೆ ಗುಡ್ಡವೂ ಕಾಡೂ ಅಡ್ಡಬರುತ್ತವೆ. 5 ಕಿಲೋಮೀಟರು ದೂರದ ಗುಡ್ಡದ ಮರೆಯಿಂದ ವಿಮಾನವು ಹೊರಬಿದ್ದರೆ ಕಾವಲುಗಾರನಿಗೆ ಉಳಿಯುವ ಕಾಲ 20 ಸೆಕೆಂಡು.

ನಮ್ಮ ದೇಶದ ಇಂಥ ರೇಡಾರುಗಳಲ್ಲಿ ಬಹಳಷ್ಟನ್ನು ರೂಪಿಸಿದುದು ಬೆಂಗಳೂರಿನಲ್ಲಿರುವ ಎಲ್‌ಆರ್‌ಡಿಇ ಎಂಬ ಸರ್ಕಾರಿ ಸಂಶೋಧನಾಲಯ. ಭರಣಿ, ರೋಹಿಣಿ, ಆಶ್ಲೇಷ, ರೇವತಿ ಎಂದು ಅವಕ್ಕೆ ಹೆಸರು. ನಮಗೆ ಇವು ಪಂಚಾಂಗದ ನಕ್ಷತ್ರಗಳು. ಕುಂದಗೋಳದ ರೈತನಿಗೆ ಇವೇ ಮಳೆಗಳ ಹೆಸರು. ಹೆಸರಿಟ್ಟವರು ಮಳೆಯನ್ನು ನೆನೆದಿದ್ದರೋ ಇಲ್ಲವೋ, ಆಕಾಶವನ್ನು ನೋಡುತ್ತಿರುವ ಯಂತ್ರಕ್ಕೆ ಅದು ಒಪ್ಪುತ್ತದೆ. ಭರಣಿಯು ಹಗುರವಾದ ಯಂತ್ರ. ಬಿಡಿಬಿಡಿಯಾಗಿ ಬೆಟ್ಟದ ಮೇಲಕ್ಕೆ ಹೊತ್ತೊಯ್ದು ಜೋಡಿಸಬಹುದು.

ಗುರುತಿಸುವ ಕೆಲಸವು ಕಾಣುವುದಕ್ಕಿಂತ ಕಠಿಣವಾದುದೆಂದು ನಮ್ಮ ಅಭಿಪ್ರಾಯ. ನೆಲದ ಯಂತ್ರವು ರೇಡಿಯೋ ಮೂಲಕ ಗುಪ್ತ ಸಂಕೇತದಲ್ಲಿ ಪ್ರಶ್ನೆ ಕೇಳುತ್ತದೆ; ಸ್ವಪಕ್ಷದ ವಿಮಾನವು ತಕ್ಕ ಉತ್ತರ ಕೊಡುತ್ತದೆ. ಉತ್ತರ ಬಾರದಿದ್ದರೆ ಶತ್ರುವೆಂದು ನಿಶ್ಚಯಿಸಬಹುದೆ? ಉತ್ತರ ಕೊಡುವ ಯಂತ್ರವು ಕೆಟ್ಟಿರಬಹುದು, ಅಥವಾ ಅದನ್ನು ಆರಿಸಿರಬಹುದು. 2019ರ ಫೆಬ್ರವರಿ 27ರಂದು ಶ್ರೀನಗರದ ಬಳಿಯ ಬಡಗಾಮಿನಲ್ಲಿ ನಮ್ಮ ವಾಯುಸೇನೆಯ ಹೆಲಿಕಾಪ್ಟರೊಂದನ್ನು ನಮ್ಮದೇ ಕ್ಷಿಪಣಿ ಕೆಡವಿತು. ಅದರಲ್ಲಿದ್ದ ಆರು ಮಂದಿಯೂ ನೆಲದ ಮೇಲಿದ್ದ ಒಬ್ಬ ನಾಗರಿಕನೂ ಮಡಿದರು. ಎಲ್ಲ ರೇಡಾರುಗಳ ನೋಟವನ್ನೂ ಒಂದೇ ಚಿತ್ರವಾಗಿ ಕೂಡಿಸಿ ಪ್ರತಿಯೊಂದು ತುಕಡಿಗೂ ತೋರಿಸಬೇಕೆಂಬ ಪ್ರಯತ್ನಕ್ಕೆ ಇಂಥ ಅನಾಹುತಗಳನ್ನು ತಪ್ಪಿಸುವುದೂ ಒಂದು ಉದ್ದೇಶ. ಆಕಾಶ್‌ತೀರ್ ಎಂಬ ಆ ಏರ್ಪಾಟನ್ನು ಸೈನ್ಯಕ್ಕೆ ಒದಗಿಸಲು ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಯೊಡನೆ 2023ರ ಮಾರ್ಚಿಯಲ್ಲಿ 1,982 ಕೋಟಿ ರೂಪಾಯಿಗಳ ಕರಾರು ಆಯಿತು. ಈ ಸಂಸ್ಥೆಯು ಬೆಂಗಳೂರಿನಲ್ಲಿ 1954ರಲ್ಲಿ ಹುಟ್ಟಿದುದು.

ಹೊಡೆಯುವ ಸಾಧನಗಳು ಎರಡು ಬಗೆ: ತೋಪು ಮತ್ತು ಕ್ಷಿಪಣಿ. ಸೋವಿಯತ್ ರಷ್ಯದಿಂದ ನಮ್ಮ ಸೈನ್ಯವು ತರಿಸಿಕೊಂಡ ಶಿಲ್ಕಾ ಎಂಬ ಬಂಡಿಯಲ್ಲಿ 23 ಮಿಲಿಮೀಟರಿನ ನಾಲ್ಕು ನಳಿಗೆಗಳೂ ರೇಡಾರೂ ಒಟ್ಟಿಗೆ ಇವೆ. ಟ್ಯಾಂಕಿನಂತೆ ಉಕ್ಕಿನ ಪಟ್ಟಿಗಳ ಮೇಲೆ ಉರುಳುವುದರಿಂದ ಅದು ಟ್ಯಾಂಕು ಹೋದಲ್ಲಿಗೆ ಹೋಗಬಲ್ಲುದು. ಮಳೆ ಬಿದ್ದ ಎರೆಮಣ್ಣಿನಲ್ಲಿ ಬಂಡಿ ಹೂತುಹೋದುದನ್ನು ಕಂಡವರಿಗೆ ಗಾಲಿಗೂ ಪಟ್ಟಿಗೂ ಇರುವ ಅಂತರವನ್ನು ಬಿಡಿಸಿ ಹೇಳಬೇಕಾಗಿಲ್ಲ. ಅದೇ ದೇಶದ ಓಸಾ ಎಂಬುದು ಆರು ಗಾಲಿಗಳದು. ನೀರಿನಲ್ಲಿ ತೇಲಿ ಹೊಳೆ ದಾಟುತ್ತದೆ. ರೇಡಾರನ್ನೂ ಕ್ಷಿಪಣಿಗಳನ್ನೂ ಒಂದೇ ಮೈಯಲ್ಲಿ ಹೊತ್ತಿರುತ್ತದೆ. ನಮ್ಮವರೇ ರೂಪಿಸಿ 2017ರ ಜೂನಿನಲ್ಲಿ ಒಡಿಶಾದ ಚಾಂದಿಪುರದಲ್ಲಿ ಮೊದಲು ಹಾರಿಸಿದ ಕ್ಯೂಆರ್‌ಸ್ಯಾಮ್ ಎಂಬ ಕ್ಷಿಪಣಿಯ ಬಂಡಿಗಳು ನಡೆಯುತ್ತಲೇ ಹುಡುಕುತ್ತವೆ, ನಡೆಯುತ್ತಲೇ ಬೆನ್ನಟ್ಟಿ ನೋಡುತ್ತವೆ. ಹಾರಿಸುವಾಗ ಮಾತ್ರ ಕ್ಷಣಕಾಲ ನಿಲ್ಲುತ್ತವೆ. ನಿಂತಲ್ಲಿಯೇ ನಿಲ್ಲುವುದು ಕ್ಷೇಮವಲ್ಲ. ರೇಡಾರು ಅಲೆ ಬೀರಿದೊಡನೆ ತಾನಿರುವ ಸ್ಥಳವನ್ನೂ ಶತ್ರುವಿಗೆ ತಿಳಿಸಿದಂತಾಗುತ್ತದೆ. ಆ ಅಲೆಯನ್ನೇ ಹಿಡಿದು ಬರುವ ಕ್ಷಿಪಣಿಗಳೂ ಉಂಟು.

ಈಚಿನ ವರ್ಷಗಳಲ್ಲಿ ಡ್ರೋನೆಂಬ ಚಾಲಕರಹಿತ ವಿಮಾನವು ಈ ಲೆಕ್ಕಗಳನ್ನೆಲ್ಲ ಕೆಡಿಸಿದೆ. 2020ರ ನಾಗೋರ್ನೊ-ಕರಾಬಾಖ್ ಯುದ್ಧದಲ್ಲಿ ಆರ್ಮೇನಿಯದ ಓಸಾ ಬಂಡಿಗಳನ್ನು ಅಜರ್ಬೈಜಾನಿನ ಡ್ರೋನುಗಳು ಮೇಲಿನಿಂದ ಹೊಡೆದು ಸುಟ್ಟುವು; ಕಾಯಬೇಕಾದುದೇ ಮೊದಲು ಬಲಿಯಾಯಿತು. ನಮ್ಮಲ್ಲಿಯೂ ಅದೇ ಬಂಡಿಗಳಿರುವುದರಿಂದ ಈ ಸುದ್ದಿಯನ್ನು ದೂರದೇಶದ್ದೆಂದು ತಳ್ಳುವಂತಿರಲಿಲ್ಲ. 2025ರ ಮೇ 8ರ ರಾತ್ರಿ ಪಾಕಿಸ್ತಾನದಿಂದ 36 ಸ್ಥಳಗಳಲ್ಲಿ ಸುಮಾರು 300ರಿಂದ 400 ಡ್ರೋನುಗಳು ಬಂದುವೆಂದು ನಮ್ಮ ಸರ್ಕಾರವು ಪ್ರಕಟಿಸಿತು. ಆ ದಿನಗಳಲ್ಲಿ ಕ್ಷಿಪಣಿಗಳ ಜೊತೆಗೆ ಶಿಲ್ಕಾ ಬಂಡಿಗಳನ್ನೂ, 1960ರ ದಶಕದಿಂದ ಸೈನ್ಯದಲ್ಲಿರುವ ಎಲ್-70 ತೋಪುಗಳನ್ನೂ ಬಳಸಿದರು. ಹಳೆಯ ತೋಪು ಮತ್ತೆ ಬೇಕಾದುದಕ್ಕೆ ಕಾರಣ ಬೆಲೆ. ಅಗ್ಗದ ಡ್ರೋನೊಂದಕ್ಕೆ ದುಬಾರಿಯ ಕ್ಷಿಪಣಿಯೊಂದನ್ನು ವೆಚ್ಚಮಾಡುತ್ತ ಹೋದರೆ, ಹಿಂಡು ಮುಗಿಯುವ ಮೊದಲೇ ಬತ್ತಳಿಕೆ ಬರಿದಾದೀತು. ಎಲ್-70 ತೋಪು ಸ್ವೀಡನ್ ದೇಶದ ವಿನ್ಯಾಸ. ನಿಮಿಷಕ್ಕೆ ಸುಮಾರು 300ರಂತೆ 40 ಮಿಲಿಮೀಟರಿನ ಗುಂಡುಗಳನ್ನು ಹಾರಿಸುತ್ತದೆ. ರಾತ್ರಿಯಲ್ಲಿಯೂ ಗುರಿ ಹಿಡಿಯುವ ಹೊಸ ಕಣ್ಣನ್ನು ಭಾರತ್ ಎಲೆಕ್ಟ್ರಾನಿಕ್ಸಿನವರು ಅದಕ್ಕೆ ಜೋಡಿಸಿದ್ದಾರೆ. ಅದರ ಏಟು ಎಟುಕುವುದು ಮೂರು ನಾಲ್ಕು ಕಿಲೋಮೀಟರು ಮಾತ್ರ. ಅಲ್ಲದೆ ಅದನ್ನು ಮತ್ತೊಂದು ವಾಹನವು ಎಳೆದು ತರಬೇಕು. ಆದುದರಿಂದ ಊರು, ಸೇತುವೆ, ವಿಮಾನ ನಿಲ್ದಾಣಗಳನ್ನು ಕಾಯಲು ಅದು ತಕ್ಕುದಾದರೂ, ಓಡುವ ಟ್ಯಾಂಕುಗಳ ಸಾಲಿಗೆ ಶಿಲ್ಕಾದಂತೆ ತಾನೇ ನಡೆಯುವ ತೋಪೇ ಬೇಕಾಗುತ್ತದೆ.